ಮೊದಲ ಉಪ್ಪುನೀರಿನ ಅಕ್ವೇರಿಯಂ: ಯಾವುದನ್ನು ಆರಿಸಬೇಕು, ಯಾಕೆ

ಉಪ್ಪುನೀರಿನ ಅಕ್ವೇರಿಯಂ ಮಾಡಲು ಹೊರಟವರಲ್ಲಿ ಹೆಚ್ಚಿನವರು ಮೊದಲು ಟ್ಯಾಂಕು ಕೊಂಡು, ಆಮೇಲೆ ಅದರೊಳಗೆ ಏನು ಸಾಕುವುದೆಂದು ಯೋಚಿಸುತ್ತಾರೆ. ಇಲ್ಲೇ ಲೆಕ್ಕ ತಲೆಕೆಳಗಾಗುತ್ತದೆ. ಸಾಕುವ ಜೀವಿ ಯಾವುದೆಂದು ಗೊತ್ತಾದರೆ ದೀಪ, ಪಂಪು, ಕಲ್ಲು, ಟ್ಯಾಂಕಿನ ಅಳತೆ ಎಲ್ಲವೂ ಅದರ ಹಿಂದೆ ಬರುತ್ತವೆ. ಗೊತ್ತಿಲ್ಲದಿದ್ದರೆ ಒಂದೇ ವಸ್ತುವನ್ನು ಎರಡೆರಡು ಸಲ ಕೊಳ್ಳಬೇಕಾಗುತ್ತದೆ.

ಅಂಗಡಿಯಲ್ಲಿ ಎಲ್ಲ ಆಯ್ಕೆಗಳೂ ಚೆನ್ನಾಗಿಯೇ ಕಾಣುತ್ತವೆ. ಅಲ್ಲಿ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಇದು ಕೆಟ್ಟರೆ ಹೇಗೆ ಕೆಡುತ್ತದೆ, ಕೆಟ್ಟದ್ದು ಗೊತ್ತಾದ ಮೇಲೆ ಸರಿಪಡಿಸಲು ಎಷ್ಟು ಹೊತ್ತು ಸಿಗುತ್ತದೆ? ಮುಂದಿನ ಹೋಲಿಕೆಗಳನ್ನೆಲ್ಲ ಈ ತಕ್ಕಡಿಯಲ್ಲೇ ತೂಗಿದೆ.

ಮೀನು ಸಾಕೋ, ಹವಳವೂ ಬೇಕೋ

ಬರೀ ಮೀನು, ಪ್ಲಾಸ್ಟಿಕ್ ಅಲಂಕಾರ, ಒಂದು ಫಿಲ್ಟರ್: ಇದು ಹಳೆಯ ಪದ್ಧತಿ. ಸುಲಭವೆಂದು ಕಂಡರೂ ಹಾಗಿಲ್ಲ. ಕೊಳೆಯನ್ನು ಅರಗಿಸುವ ಬ್ಯಾಕ್ಟೀರಿಯಾ ನೆಲೆಸಲು ಫಿಲ್ಟರ್ ಬಿಟ್ಟರೆ ಬೇರೆ ಜಾಗವೇ ಇರುವುದಿಲ್ಲ, ಒಂದು ದಿನ ಅದನ್ನು ನಲ್ಲಿ ನೀರಿನಲ್ಲಿ ತೊಳೆದುಬಿಟ್ಟರೆ ಮೀನಿಗೆ ವಿಷವಾದ ಅಮೋನಿಯಾ ಏರುತ್ತದೆ. ಇದರ ಬದಲು ಎರಡನೆಯ ದಾರಿಯಾಗಿ ರಂಧ್ರಗಳಿರುವ ಕಲ್ಲು ಜೋಡಿಸಿ ಮೀನು ಬಿಟ್ಟರೆ ಟ್ಯಾಂಕು ಎಷ್ಟೋ ಪಾಲು ಹೆಚ್ಚು ತಾಳಿಕೊಳ್ಳುತ್ತದೆ. ಅಮೋನಿಯಾದಿಂದ ಕೊನೆಗೆ ಉಳಿಯುವ ನೈಟ್ರೇಟ್ 30 ಪಿಪಿಎಂ (ಹತ್ತು ಲಕ್ಷಕ್ಕೆ 30 ಪಾಲು) ಮುಟ್ಟಿದರೂ ಗಟ್ಟಿ ಮೀನುಗಳು ಬದುಕುತ್ತವೆ, ದೀಪ ಯಾವುದಾದರೂ ನಡೆಯುತ್ತದೆ.

ಮೂರನೆಯದು ಮೆತ್ತನೆ ಹವಳಗಳ ಟ್ಯಾಂಕು: ಮಶ್ರೂಮ್, ಜೊವಾಂತಿಡ್, ಲೆದರ್ ಹವಳ. ಇವಕ್ಕೆ ಸುಣ್ಣದ ಅಸ್ಥಿಪಂಜರ ಕಟ್ಟುವ ಕೆಲಸವಿಲ್ಲದ್ದರಿಂದ ನೀರಿನ ಕ್ಯಾಲ್ಸಿಯಂ, ಆಲ್ಕಲಿನಿಟಿ (ಪಿಎಚ್ ಇಳಿಯದಂತೆ ತಡೆಯುವ ಕಾರ್ಬೊನೇಟ್ ಅಂಶ) ತುಸು ಆಚೀಚೆಯಾದರೂ ಸಹಿಸುತ್ತವೆ. ನಾಲ್ಕನೆಯದು ಅಕ್ರೋಪೋರಾದಂತಹ ಗಟ್ಟಿ ಹವಳಗಳ ಟ್ಯಾಂಕು. ಅಲ್ಲಿ ಆಲ್ಕಲಿನಿಟಿ ಒಂದೇ ದಿನದಲ್ಲಿ 1.5 ಡಿಕೆಎಚ್ (ಆಲ್ಕಲಿನಿಟಿಯ ಅಳತೆ) ಜಾರಿದರೂ ತುದಿಗಳು ಬೆಳ್ಳಗಾಗಬಹುದು. ಮೊದಲ ವರ್ಷಕ್ಕೆ ಅದು ಬೇಡ.

ಹೊಸಬರಿಗೆ ನಮ್ಮ ಸಲಹೆ ಎರಡನೆಯದರಿಂದ ಶುರುಮಾಡಿ ಮೂರನೆಯದಕ್ಕೆ ಬೆಳೆಯುವುದು. ಕಲ್ಲು ಮತ್ತು ಮೀನಿನಿಂದ ಆರಂಭಿಸಿ, ಮೂರು ನಾಲ್ಕು ತಿಂಗಳು ಕಳೆದ ಮೇಲೆ ಮೆತ್ತನೆ ಹವಳ ಸೇರಿಸಿ. ಇದಕ್ಕಾಗಿ ಏನನ್ನೂ ಕಿತ್ತು ಬದಲಾಯಿಸಬೇಕಿಲ್ಲ, ದೀಪವೊಂದನ್ನು ಸರಿಯಾಗಿ ಆರಿಸಿದ್ದರೆ ಆಯಿತು.

40 ಲೀಟರೋ, 150 ಲೀಟರೋ, 300 ಲೀಟರೋ

ಚಿಕ್ಕ ಟ್ಯಾಂಕು ಹೊಸಬರಿಗೆ ಸುಲಭ ಅನ್ನುವುದು ತಪ್ಪು ಕಲ್ಪನೆ. 40 ಲೀಟರಿನ ಟ್ಯಾಂಕಿನಿಂದ ದಿನಕ್ಕೆ 1 ಲೀಟರ್ ಆವಿಯಾಯಿತು ಅನ್ನಿ. ನೀರು ಹೋಗುತ್ತದೆ, ಉಪ್ಪು ಉಳಿಯುತ್ತದೆ. 35 ಪಿಪಿಟಿ (ಸಾವಿರಕ್ಕೆ 35 ಪಾಲು) ಇದ್ದ ಉಪ್ಪಿನಂಶ ಮರುದಿನ 35.9, ಮೂರು ದಿನ ಮರೆತರೆ 37.8. 150 ಲೀಟರಿನ ಟ್ಯಾಂಕಿನಿಂದ ದಿನಕ್ಕೆ ಎರಡೂವರೆ ಲೀಟರ್ ಹೋದರೂ ಮೂರನೆಯ ದಿನಕ್ಕೆ 36.8ರ ಆಸುಪಾಸು ಅಷ್ಟೆ. ಕಲ್ಲಿನ ಸಂದಿಯಲ್ಲಿ ಒಂದು ಮೀನು ಸತ್ತು ಕೊಳೆತರೂ ಇದೇ ಲೆಕ್ಕ: ಅಷ್ಟೇ ಅಮೋನಿಯಾ ಸುಮಾರು ನಾಲ್ಕು ಪಟ್ಟು ನೀರಿನಲ್ಲಿ ಹರಡಿಕೊಳ್ಳುತ್ತದೆ. ಚಿಕ್ಕ ಟ್ಯಾಂಕನ್ನು ಸ್ಥಿರವಾಗಿಡಲು ಕೊನೆಗೆ ಆವಿಯಾದಷ್ಟು ನೀರನ್ನು ತಾನೇ ತುಂಬುವ ಆಟೋ ಟಾಪ್-ಅಪ್, ಕಂಟ್ರೋಲರ್, ಫ್ಯಾನು ಎಲ್ಲ ಬೇಕಾಗಿ ಮೂಗಿಗಿಂತ ಮೂಗುತಿ ಭಾರವಾಗುತ್ತದೆ.

300 ಲೀಟರ್ ಇನ್ನಷ್ಟು ಸ್ಥಿರ, ನಿಜ. ಆದರೆ ವಾರಕ್ಕೆ ಹತ್ತು ಪರ್ಸೆಂಟ್ ನೀರು ಬದಲಿಸುವುದೆಂದರೆ 30 ಲೀಟರ್ ನೀರು ತಯಾರಿಸಿ, ಹೊತ್ತು, ಸುರಿಯಬೇಕು. ಆರಂಭದ ಉತ್ಸಾಹ ಇಳಿದ ಮೇಲೆ ಈ ಕೆಲಸವೇ ಮೊದಲು ತಪ್ಪುವುದು.

ಹಾಗಾಗಿ 90×45×45 ಸೆಂ.ಮೀ. ಟ್ಯಾಂಕು ಹದವಾದ ಅಳತೆ. ಲೆಕ್ಕಕ್ಕೆ 182 ಲೀಟರ್. ಕಲ್ಲು, ಮರಳು, ಮೇಲಿನ ಖಾಲಿ ಜಾಗ ಕಳೆದರೆ 150ರ ಆಸುಪಾಸು ನೀರು ನಿಲ್ಲುತ್ತದೆ. ಸ್ಟ್ಯಾಂಡ್ ಸೇರಿ ಒಟ್ಟು ತೂಕ 250 ಕೆ.ಜಿ. ದಾಟುವುದರಿಂದ ಸ್ಪಿರಿಟ್ ಲೆವೆಲ್ ಇಟ್ಟು ನೆಲ ಸಮವಿದೆಯೇ ಎಂದು ಖಾಲಿ ಇರುವಾಗಲೇ ನೋಡಿ, ತುಂಬಿದ ಮೇಲೆ ಅದು ಕದಲುವುದಿಲ್ಲ. ಇಷ್ಟೇ ಲೀಟರಿನ ಎತ್ತರದ, ಕಿರಿದಾದ ಟ್ಯಾಂಕು ಕೊಳ್ಳಬೇಡಿ. ನೀರಿನ ಮೇಲ್ಮೈ ಕಡಿಮೆಯಾದಷ್ಟೂ ಗಾಳಿಯಿಂದ ಆಮ್ಲಜನಕ ಬೆರೆಯುವುದು ಕಡಿಮೆ, ತಳದಲ್ಲಿ ಬಿದ್ದದ್ದನ್ನು ಎತ್ತಲು ಭುಜದವರೆಗೆ ಕೈ ಇಳಿಸಬೇಕು.

ಅಕ್ರಿಲಿಕ್ಕಿಗಿಂತ ಗಾಜು ಮೇಲು. ಗಾಜಿನ ಮೇಲೆ ಕೂರುವ ನೇರಳೆ ಸುಣ್ಣಪಾಚಿಯನ್ನು ಬ್ಲೇಡಿನಿಂದ ಕೆರೆಯಬೇಕಾಗುತ್ತದೆ, ಅಕ್ರಿಲಿಕ್ ಅದಕ್ಕೆ ತಾಳುವುದಿಲ್ಲ.

ಹಿಂಬದಿ ಕೋಣೆಯೋ, ಕೆಳಗಿನ ಸಂಪೋ

ಆಲ್-ಇನ್-ಒನ್ ಟ್ಯಾಂಕಿನಲ್ಲಿ ಹಿಂಬದಿಯ ಒಂದು ಗೋಡೆಯಾಚೆ ಎರಡು ಮೂರು ಕೋಣೆಗಳಿದ್ದು, ಫಿಲ್ಟರ್, ಹೀಟರ್, ಪಂಪು ಎಲ್ಲ ಅಲ್ಲೇ ಕೂರುತ್ತವೆ. ನೀರು ಟ್ಯಾಂಕಿನಿಂದ ಆಚೆ ಹೋಗುವುದೇ ಇಲ್ಲ, ಹಾಗಾಗಿ ಕರೆಂಟು ಹೋದರೆ ನೆಲ ಒದ್ದೆಯಾಗುವ ಭಯವಿಲ್ಲ. ಕೊರತೆ ಜಾಗದ್ದು: ದೊಡ್ಡ ಸ್ಕಿಮ್ಮರ್ (ಕೊಳೆಯನ್ನು ನೊರೆಯಾಗಿ ಹೊರಹಾಕುವ ಸಾಧನ) ಹಿಡಿಸುವುದಿಲ್ಲ.

ಸಂಪು ಅಂದರೆ ಸ್ಟ್ಯಾಂಡಿನೊಳಗೆ ಕೂರುವ ಎರಡನೆಯ ತೊಟ್ಟಿ. ಒಟ್ಟು ನೀರು ಹೆಚ್ಚುತ್ತದೆ, ಉಪಕರಣಗಳು ಕಣ್ಣಿಗೆ ಬೀಳುವುದಿಲ್ಲ, ಮುಂದೆ ಏನನ್ನಾದರೂ ಸೇರಿಸಲು ಜಾಗವಿರುತ್ತದೆ. ಆದರೆ ಪಂಪು ನಿಂತ ಕ್ಷಣ ಮೇಲಿನ ನೀರು ಕೆಳಗೆ ಇಳಿಯುತ್ತದೆ. 90×45 ಸೆಂ.ಮೀ. ಟ್ಯಾಂಕಿನಲ್ಲಿ ನೀರಿನ ಮಟ್ಟ 2 ಸೆಂ.ಮೀ. ಇಳಿದರೆ 8 ಲೀಟರ್. ನೀರು ಮೇಲಕ್ಕೆ ಮರಳಿಸುವ ಪೈಪಿನ ಬಾಯಿ ನೀರಿನೊಳಗೆ 5 ಸೆಂ.ಮೀ. ಮುಳುಗಿದ್ದರೆ ಅದೇ ಪೈಪು ಸೈಫನ್ ಆಗಿ 20 ಲೀಟರ್ ಎಳೆದುಬಿಡುತ್ತದೆ. ಸಂಪಿನಲ್ಲಿ ಅಷ್ಟು ಖಾಲಿ ಜಾಗ ಇಲ್ಲದಿದ್ದರೆ ಉಳಿದದ್ದು ನೆಲದ ಪಾಲು. ಪರೀಕ್ಷೆ ಸುಲಭ: ಮೀನು ಬಿಡುವ ಮೊದಲು ಎಲ್ಲ ಓಡುತ್ತಿರುವಾಗ ಪಂಪಿನ ಪ್ಲಗ್ ಕಿತ್ತು ಹತ್ತು ನಿಮಿಷ ಕಾಯಿರಿ. ನೀರು ಎಲ್ಲಿಗೆ ಏರಿ ನಿಂತಿತೆಂದು ನೋಡಿ, ಅಂಚಿನಿಂದ ಮೂರು ಬೆರಳು ಕೆಳಗೇ ನಿಲ್ಲುವಂತೆ ನೀರು ತೆಗೆದು, ಪ್ಲಗ್ ಹಾಕಿ, ಪಂಪು ಓಡುವಾಗಿನ ಮಟ್ಟವನ್ನು ಸಂಪಿನ ಗಾಜಿನ ಮೇಲೆ ಮಾರ್ಕರಿನಲ್ಲಿ ಗೆರೆ ಎಳೆದು ಗುರುತಿಡಿ. ಆ ಗೆರೆಗಿಂತ ಮೇಲೆ ಎಂದೂ ತುಂಬಬಾರದು. ಸೈಫನ್ ತಡೆಯಲು ಪೈಪಿಗೆ ಕೊರೆದ ಸಣ್ಣ ತೂತನ್ನು ಮಾತ್ರ ನೆಚ್ಚಿಕೊಳ್ಳಬೇಡಿ, ಅದಕ್ಕೆ ಒಂದು ಬಸವನಹುಳು ಅಡ್ಡ ಕೂತರೆ ಸಾಕು.

ಸಂಪಿಗೆ ನೀರು ಇಳಿಯಲು ಮೊದಲೇ ತೂತು ಕೊರೆದು ಬಂದ ಟ್ಯಾಂಕು ಸಿಕ್ಕರೆ ಸಂಪು ಒಳ್ಳೆಯದು, ಇಲ್ಲವಾದರೆ ಆಲ್-ಇನ್-ಒನ್. ಇವೆರಡರ ನಡುವೆ ಟ್ಯಾಂಕಿನ ಅಂಚಿಗೆ ತಗುಲಿಹಾಕುವ ಸೈಫನ್ ಓವರ್‌ಫ್ಲೋ ಎಂಬುದೊಂದು ಸಿಗುತ್ತದೆ. ಅದರ ಕೊಳವೆಯಲ್ಲಿ ಗಾಳಿ ತುಂಬಿ ಸೈಫನ್ ಕಡಿದರೆ ನೀರು ಇಳಿಯುವುದು ನಿಲ್ಲುತ್ತದೆ, ಪಂಪು ಮಾತ್ರ ಮೇಲಕ್ಕೆ ತಳ್ಳುತ್ತಲೇ ಇರುತ್ತದೆ. ಮೊದಲ ಟ್ಯಾಂಕಿಗೆ ಅದು ಬೇಡವೇ ಬೇಡ.

ನೀರು: ನಲ್ಲಿ, ಕಡಲು, ಆರ್‌ಓ-ಡಿಐ

ಇಲ್ಲಿ ಉಳಿಸಲು ಹೋದರೆ ಮುಂದೆ ವರ್ಷವಿಡೀ ಪಾಚಿಯೊಂದಿಗೆ ಗುದ್ದಾಡಬೇಕು. ನಲ್ಲಿ ನೀರಿನಲ್ಲಿ ಕ್ಲೋರಿನ್ ಅಥವಾ ಕ್ಲೋರಮಿನ್, ಫಾಸ್ಫೇಟ್, ನೈಟ್ರೇಟ್, ಸಿಲಿಕೇಟ್, ಕೆಲವೊಮ್ಮೆ ಪೈಪಿನಿಂದ ಬಂದ ತಾಮ್ರ ಇರುತ್ತದೆ. ಕ್ಲೋರಿನ್ನಿಗೂ ಕ್ಲೋರಮಿನ್ನಿಗೂ ಔಷಧಿ ಇದೆ, ಉಳಿದವು ಅದರಿಂದ ಹೋಗುವುದಿಲ್ಲ. ಆವಿಯಾದಷ್ಟೂ ಮತ್ತೆ ಅದೇ ನೀರು ಸುರಿಯುವುದರಿಂದ ಇವು ವಾರವಾರವೂ ಜಮೆಯಾಗುತ್ತವೆ. ಫಾಸ್ಫೇಟ್ ಪಾಚಿಗೆ, ಸಿಲಿಕೇಟ್ ಡಯಾಟಂ ಎಂಬ ಕಂದು ಸೂಕ್ಷ್ಮಪಾಚಿಗೆ ಗೊಬ್ಬರ. ತಾಮ್ರ ಸಿಗಡಿ, ಬಸವನಹುಳು, ಹವಳಗಳಿಗೆ ವಿಷ.

ಕಡಲ ನೀರು ತರುವುದು ಸಮೀಪ ಇದ್ದವರಿಗೆ ಆಕರ್ಷಕ. ಆದರೆ ನದೀಮುಖದ ಹತ್ತಿರ, ಮಳೆಯ ನಂತರ, ಬಂದರಿನ ಬಳಿ ಆ ನೀರಿನ ಉಪ್ಪಿನಂಶವೂ ಶುದ್ಧತೆಯೂ ದಿನಕ್ಕೊಂದು ಥರ. ಇಂದಿನ ಕ್ಯಾನು ಚೆನ್ನಾಗಿತ್ತೆಂದು ನಾಳೆಯದೂ ಹಾಗೇ ಇರುತ್ತದೆ ಅನ್ನುವಂತಿಲ್ಲ.

ಆರ್‌ಓ ಪೊರೆಯಲ್ಲಿ ನೀರು ಸೋಸಿದ ನಂತರ ಉಳಿದ ಲವಣಗಳನ್ನೂ ಹೀರುವ ಡಿಐ ರೆಸಿನ್ ಇರುವ ಘಟಕವೇ ಸರಿ. ಕುಡಿಯುವ ನೀರಿನ ಆರ್‌ಓ ಯಂತ್ರಗಳು ರುಚಿಗಾಗಿ ಖನಿಜ ಮರಳಿ ಸೇರಿಸುವುದುಂಟು, ಅವುಗಳ ನೀರನ್ನು ಟಿಡಿಎಸ್ (ನೀರಿನಲ್ಲಿ ಕರಗಿದ ಲವಣಗಳ ಮೊತ್ತ) ಮೀಟರಿನಲ್ಲಿ ಅಳೆಯದೆ ಬಳಸಬೇಡಿ. ನಮಗೆ ಬೇಕಾದದ್ದು 0. ಅದು 1, 2 ಎಂದು ತೋರಿಸಲು ಶುರುವಾದರೆ ರೆಸಿನ್ ಮುಗಿಯುತ್ತಿದೆ ಎಂದರ್ಥ. ಒಂದು ಲೀಟರ್ ಶುದ್ಧ ನೀರಿಗೆ ಮೂರು ನಾಲ್ಕು ಲೀಟರ್ ಹೊರಹೋಗುತ್ತದೆ, ಅದನ್ನು ಬಕೆಟ್ಟಿನಲ್ಲಿ ಹಿಡಿದು ನೆಲ ಒರೆಸಲು ಬಳಸಬಹುದು.

ಉಪ್ಪು ಕಲಸುವುದು ಹೀಗೆ. 20 ಲೀಟರ್ ಶುದ್ಧ ನೀರಿಗೆ ಒಂದು ಸಣ್ಣ ಪಂಪು, ಒಂದು ಹೀಟರ್ ಇಳಿಸಿ 25 ಡಿಗ್ರಿಗೆ ತನ್ನಿ. 700 ಗ್ರಾಂ ಮರೈನ್ ಸಾಲ್ಟನ್ನು ಸ್ವಲ್ಪ ಸ್ವಲ್ಪವಾಗಿ ನೀರಿಗೆ ಉದುರಿಸಿ. ನೀರಿಗೆ ಉಪ್ಪು ಹಾಕಬೇಕು, ಉಪ್ಪಿನ ಮೇಲೆ ನೀರು ಹೊಯ್ಯಬಾರದು. ಹೊಯ್ದರೆ ತಳದ ಗಾಢ ದ್ರಾವಣದಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟ್ ಬೆಳ್ಳಗೆ ಗಟ್ಟಿಯಾಗಿ ಕೂತುಬಿಡುತ್ತದೆ, ಮತ್ತೆ ಕರಗುವುದಿಲ್ಲ. ಕೆಲವು ಗಂಟೆ ಪಂಪು ಓಡಿ ನೀರು ತಿಳಿಯಾದ ಮೇಲೆ ಅಳೆಯಿರಿ. ಬ್ರಾಂಡಿನಿಂದ ಬ್ರಾಂಡಿಗೆ ವ್ಯತ್ಯಾಸವಿದ್ದು ಸಾಮಾನ್ಯವಾಗಿ 720ರಿಂದ 760 ಗ್ರಾಂ ಹೊತ್ತಿಗೆ 35 ಪಿಪಿಟಿ ಸಿಗುತ್ತದೆ. ಸಾಪೇಕ್ಷ ಸಾಂದ್ರತೆಯಲ್ಲಿ ಹೇಳುವುದಾದರೆ 1.026. ಅಡುಗೆ ಉಪ್ಪಿನಲ್ಲಿ ಇದು ಸಾಧ್ಯವಿಲ್ಲ, ಅದರಲ್ಲಿ ಮೆಗ್ನೀಸಿಯಂ, ಕ್ಯಾಲ್ಸಿಯಂ, ಕಾರ್ಬೊನೇಟ್ ಯಾವುದೂ ಬೇಕಾದಷ್ಟಿಲ್ಲ.

ಅಳೆಯಲು ಮುಳ್ಳು ತೂಗಾಡುವ ಪ್ಲಾಸ್ಟಿಕ್ ಹೈಡ್ರೋಮೀಟರ್ ಅಗ್ಗ. ಮುಳ್ಳಿಗೆ ಒಂದು ಗಾಳಿಗುಳ್ಳೆ ಅಂಟಿದರೂ ಅದು ಮೇಲೇರಿ ಹೆಚ್ಚು ಉಪ್ಪು ತೋರಿಸುತ್ತದೆ, ನೀವು ಉಪ್ಪು ಕಡಿಮೆ ಮಾಡುತ್ತೀರಿ, ನಿಜವಾದ ನೀರು 31ಕ್ಕೆ ಇಳಿದಿರುತ್ತದೆ. ಬೆಳಕು ಬಾಗುವುದನ್ನು ನೋಡಿ ಉಪ್ಪು ಅಳೆಯುವ ರಿಫ್ರಾಕ್ಟೋಮೀಟರ್ ಕೊಳ್ಳಿ. ಅದನ್ನೂ ಬರೀ ಶುದ್ಧ ನೀರಿನಲ್ಲಿ ಸೊನ್ನೆಗೆ ಹೊಂದಿಸಿ ನಂಬಬೇಡಿ: ಅಗ್ಗದ ಹಲವು ರಿಫ್ರಾಕ್ಟೋಮೀಟರುಗಳ ಗುರುತು ಸೋಡಿಯಂ ಕ್ಲೋರೈಡ್ ದ್ರಾವಣಕ್ಕೆ ಮಾಡಿದ್ದು, ಕಡಲ ನೀರಿನಲ್ಲಿ ಒಂದೂವರೆ ಪಿಪಿಟಿಯಷ್ಟು ತಪ್ಪುತ್ತವೆ. 35 ಪಿಪಿಟಿಯ ಕ್ಯಾಲಿಬ್ರೇಷನ್ ದ್ರಾವಣದ ಎರಡು ಹನಿ ಬಿಟ್ಟು ಗೆರೆಯನ್ನು ಅಲ್ಲಿಗೇ ತಿರುಗಿಸಿದರೆ ನಮಗೆ ಬೇಕಾದ ಜಾಗದಲ್ಲಿ ಸರಿಯಾಗಿರುತ್ತದೆ.

ಹೊಸಬರಿಂದ ತುಂಬ ಸಲ ಆಗುವ ತಪ್ಪು ಇನ್ನೊಂದು: ಆವಿಯಾದ ಜಾಗಕ್ಕೆ ಉಪ್ಪುನೀರು ತುಂಬುವುದು. ಹೋದದ್ದು ಬರೀ ನೀರು, ತುಂಬಬೇಕಾದದ್ದೂ ಬರೀ ಆರ್‌ಓ-ಡಿಐ ನೀರೇ.

ಜೀವಂತ ಕಲ್ಲೋ, ಒಣ ಕಲ್ಲೋ

ಲೈವ್ ರಾಕ್ ಅಂದರೆ ಕಡಲಿನಿಂದ ತೆಗೆದು, ಒದ್ದೆಯಾಗಿಯೇ ಸಾಗಿಸಿದ ರಂಧ್ರಮಯ ಕಲ್ಲು. ಬ್ಯಾಕ್ಟೀರಿಯಾ, ಸಣ್ಣ ಹುಳು, ಸುಣ್ಣಪಾಚಿ ಎಲ್ಲ ಉಚಿತವಾಗಿ ಬರುತ್ತವೆ. ಅವುಗಳ ಜತೆ ಐಪ್ಟೇಸಿಯಾ ಎಂಬ ಕಂದು ಅನಿಮೋನ್, ಏಡಿಗಳು, ಒಮ್ಮೊಮ್ಮೆ ರಾತ್ರಿ ಮೀನು ಬೇಟೆಯಾಡುವ ಮ್ಯಾಂಟಿಸ್ ಸಿಗಡಿಯೂ ಬರುತ್ತದೆ. ಐಪ್ಟೇಸಿಯಾವನ್ನು ಕಿತ್ತರೆ ಅಥವಾ ಜಜ್ಜಿದರೆ ಉಳಿದ ಚೂರುಗಳಿಂದ ಮತ್ತೆ ನಾಲ್ಕಾಗುತ್ತದೆ. ದಾರಿಯಲ್ಲಿ ಸತ್ತ ಜೀವಿಗಳು ಕೊಳೆಯುವುದರಿಂದ ಕಲ್ಲನ್ನು ಬೇರೆ ತೊಟ್ಟಿಯಲ್ಲಿ ಕೆಲವು ವಾರ ಇಟ್ಟು ವಾಸನೆ ಹೋದ ಮೇಲೆ ಬಳಸಬೇಕು. ಗಟ್ಟಿ ಹವಳಗಳೆಲ್ಲ ಅಳಿವಿನ ಭಯವಿರುವ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೆಯ ಅನುಬಂಧದಲ್ಲಿವೆ ಅನ್ನುವುದೂ ನೆನಪಿರಲಿ. ಕಡಲತೀರದಿಂದ ಕಲ್ಲು, ಹವಳ ಎತ್ತಿ ತರುವುದು ಎಷ್ಟೋ ಕಡೆ ಅಪರಾಧ.

ಒಣ ಕಲ್ಲು ಹಗುರ, ಕೀಟವಿಲ್ಲ, ಜೋಡಿಸಲು ಆತುರವಿಲ್ಲ, ಸುತ್ತಿಗೆಯಿಂದ ಒಡೆದು ಬೇಕಾದ ಆಕಾರಕ್ಕೆ ತಂದು ಅಂಟಿಸಬಹುದು. ಬೆಲೆ ತೆರಬೇಕಾದದ್ದು ಸಮಯದಲ್ಲಿ. ಬರಡು ಮೇಲ್ಮೈಗೆ ಮೊದಲು ದಾಳಿಯಿಡುವುದು ಡಯಾಟಂ, ಕೂದಲು ಪಾಚಿ, ಸಯನೋಬ್ಯಾಕ್ಟೀರಿಯಾ.

ನಮ್ಮ ಮತ ಬೆರಕೆಗೆ: 150 ಲೀಟರಿಗೆ 12ರಿಂದ 15 ಕೆ.ಜಿ. ಒಣ ಕಲ್ಲು, ಜತೆಗೆ ನಂಬಿಕಸ್ತರ ಹಳೆಯ ಟ್ಯಾಂಕಿನಿಂದ ಒಂದು ಕೆ.ಜಿ. ಜೀವಂತ ಕಲ್ಲು. ಒಂದೇ ತುಂಡಾದ್ದರಿಂದ ಭೂತಗನ್ನಡಿ ಹಿಡಿದು ಐಪ್ಟೇಸಿಯಾ ಹುಡುಕಬಹುದು. ಕಲ್ಲನ್ನು ಮರಳಿನ ಮೇಲೆ ಕೂರಿಸದೆ ಗಾಜಿನ ತಳಕ್ಕೇ ತಾಗಿಸಿ ಕೂರಿಸಿ, ಆಮೇಲೆ ಸುತ್ತ ಮರಳು ಹಾಕಿ. ಬಿಲ ತೋಡುವ ಗೋಬಿ ಮೀನು, ಪಿಸ್ತೂಲು ಸಿಗಡಿ ಅಡಿಯ ಮರಳು ತೆಗೆದರೆ ಮರಳಿನ ಮೇಲೆ ನಿಂತ ಗೋಪುರ ಗಾಜಿನ ಮೇಲೆ ಕುಸಿಯುತ್ತದೆ. ಗಾಜಿನಿಂದ 8 ಸೆಂ.ಮೀ. ದೂರ ಬಿಟ್ಟರೆ ಆಯಸ್ಕಾಂತದ ಒರಸುಗ ಸಲೀಸಾಗಿ ಓಡಾಡುತ್ತದೆ.

ಇಲ್ಲೊಂದು ಎಚ್ಚರಿಕೆ. ಹಳೆಯ ಕಲ್ಲನ್ನು ಶುದ್ಧಮಾಡಲು ಎಂದೂ ಕುದಿಸಬೇಡಿ. ಅದರ ಮೇಲೆ ಜೊವಾಂತಿಡ್ ಅಥವಾ ಅದೇ ಗುಂಪಿನ ಪಾಲಿಥೋವ ಇದ್ದರೆ ಪಾಲಿಟಾಕ್ಸಿನ್ ಎಂಬ ಉಗ್ರ ವಿಷ ಹಬೆಯ ಜತೆ ಸೇರಿ ಮನೆಮಂದಿಯೆಲ್ಲ ಆಸ್ಪತ್ರೆ ಸೇರಿದ ಪ್ರಕರಣಗಳಿವೆ.

ಮರಳಿಗೆ 1ರಿಂದ 2 ಮಿ.ಮೀ. ಕಣದ ಅರಗೊನೈಟ್, ಮೂರು ಸೆಂ.ಮೀ. ದಪ್ಪ, ಈ ಟ್ಯಾಂಕಿಗೆ ಸುಮಾರು 18 ಕೆ.ಜಿ. ತೀರ ನಯವಾದದ್ದು ಪಂಪಿನ ರಭಸಕ್ಕೆ ಹಾರುತ್ತದೆ, ದಪ್ಪ ಜಲ್ಲಿಯ ಸಂದಿಯಲ್ಲಿ ಕೊಳೆ ಕೂರುತ್ತದೆ. ಮರಳೇ ಇಲ್ಲದ ತಳ ತೊಳೆಯಲು ಸುಲಭ, ಆದರೆ ಗೋಬಿಗೆ ಮನೆಯಿಲ್ಲ.

ಸೈಕ್ಲಿಂಗ್: ಮೂರು ದಾರಿ

ಮೀನಿನ ಮಲದಿಂದ, ಮಿಕ್ಕ ಆಹಾರದಿಂದ ಅಮೋನಿಯಾ ಹುಟ್ಟುತ್ತದೆ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಬಗೆ ನೈಟ್ರೇಟ್ ಮಾಡುತ್ತದೆ. ಇವೆರಡೂ ಕಲ್ಲಿನಲ್ಲಿ ಬೇರೂರುವವರೆಗೆ ಕಾಯುವುದೇ ಸೈಕ್ಲಿಂಗ್. ಉಪ್ಪುನೀರಿನ ಪಿಎಚ್ 8.2ರ ಸುಮಾರಿಗೆ ಇರುವುದರಿಂದ ಅಮೋನಿಯಾದಲ್ಲಿ ವಿಷಕಾರಿ ರೂಪದ ಪಾಲು ಪಿಎಚ್ 7ರ ಸಿಹಿನೀರಿಗಿಂತ ಎಷ್ಟೋ ಪಟ್ಟು ಹೆಚ್ಚು. ಸಿಹಿನೀರಿನಲ್ಲಿ ನಡೆದುಹೋಗುವ ಅವಸರ ಇಲ್ಲಿ ನಡೆಯುವುದಿಲ್ಲ.

ಒಂದು ಗಟ್ಟಿ ಮೀನನ್ನು ಬಿಟ್ಟು ಅದರ ಮಲದಿಂದಲೇ ಸೈಕಲ್ ಮಾಡಿಸುವುದು ಮೊದಲ ದಾರಿ. ಮೀನು ಬದುಕಿದರೂ ಕಿವಿರು ಸುಟ್ಟಿರುತ್ತದೆ. ಅದಕ್ಕೆಂದು ಬಿಟ್ಟ ಡ್ಯಾಮ್ಸೆಲ್ ಮೀನು ಆಮೇಲೆ ಇಡೀ ಟ್ಯಾಂಕಿನ ಯಜಮಾನನಾಗಿ, ಹೊಸದಾಗಿ ಬಂದ ಮೀನನ್ನೆಲ್ಲ ಕಚ್ಚುತ್ತದೆ. ಎರಡನೆಯದು ಒಂದು ಚೂರು ಸಿಗಡಿ ಕೊಳೆಯಲು ಬಿಡುವುದು. ಕೆಲಸ ಆಗುತ್ತದೆ, ಆದರೆ ಎಷ್ಟು ಅಮೋನಿಯಾ ಬಂತೆಂಬ ಹಿಡಿತವಿಲ್ಲ, ಜತೆಗೆ ಫಾಸ್ಫೇಟ್ ಉಳಿಯುತ್ತದೆ.

ಮೂರನೆಯದೇ ನಮ್ಮ ಆಯ್ಕೆ: ಅಮೋನಿಯಂ ಕ್ಲೋರೈಡ್ ಜತೆ ಬಾಟಲಿಯ ಬ್ಯಾಕ್ಟೀರಿಯಾ. 150 ಲೀಟರಿಗೆ 1 ಗ್ರಾಂ ಶುದ್ಧ ಅಮೋನಿಯಂ ಕ್ಲೋರೈಡ್ ಕರಗಿಸಿದರೆ ಸುಮಾರು 2 ಪಿಪಿಎಂ ಅಮೋನಿಯಾ ಬರುತ್ತದೆ. ಬ್ಯಾಕ್ಟೀರಿಯಾ ಸುರಿದು, ದೀಪ ಆರಿಸಿ, ಸ್ಕಿಮ್ಮರ್ ನಿಲ್ಲಿಸಿ, ಎರಡು ದಿನಕ್ಕೊಮ್ಮೆ ಅಳೆಯಿರಿ. ಅಮೋನಿಯಾ ಸೊನ್ನೆಗಿಳಿದರೆ ಮತ್ತೆ 1 ಗ್ರಾಂ. ಹಾಕಿದ 2 ಪಿಪಿಎಂ 24 ಗಂಟೆಯೊಳಗೆ ಕಾಣೆಯಾದ ದಿನ ಟ್ಯಾಂಕು ತಯಾರು. ಬಾಟಲಿ ಚೆನ್ನಾಗಿದ್ದರೆ ಎರಡು ವಾರ, ಬಿಸಿಲಲ್ಲಿ ಕಳೆದ ಬಾಟಲಿಯಾದರೆ ಐದಾರು ವಾರ. ಆತುರಕ್ಕೆ 5, 6 ಪಿಪಿಎಂ ಹಾಕಿದರೆ ಬ್ಯಾಕ್ಟೀರಿಯಾವೇ ಮಂಕಾಗುತ್ತದೆ.

ನಡುವೆ ನೈಟ್ರೈಟ್ ಏರಿದ್ದು ಕಂಡು ಗಾಬರಿಯಾಗಬೇಡಿ. ನೀರಿನಲ್ಲಿರುವ ಅಪಾರ ಕ್ಲೋರೈಡ್ ಅದನ್ನು ಕಿವಿರಿನೊಳಗೆ ಬಿಡುವುದಿಲ್ಲವಾದ್ದರಿಂದ ಕಡಲಮೀನಿಗೆ ನೈಟ್ರೈಟಿನ ಬಾಧೆ ಕಡಿಮೆ. ಆದರೆ ನೈಟ್ರೈಟ್ ಇರುವಾಗ ನೈಟ್ರೇಟ್ ಕಿಟ್ ಇಲ್ಲದ್ದನ್ನೂ ತೋರಿಸುತ್ತದೆ, ಆಗಿನ ಅಂಕಿಯನ್ನು ನಂಬಬಾರದು. ಪ್ರತಿ 2 ಪಿಪಿಎಂ ಅಮೋನಿಯಾ ಕೊನೆಗೆ ಸುಮಾರು 7 ಪಿಪಿಎಂ ನೈಟ್ರೇಟ್ ಆಗುತ್ತದೆ. ಮೂರು ಸಲ ಹಾಕಿದ್ದರೆ 20 ದಾಟಿರುತ್ತದೆ, ಮೀನು ತರುವ ಮುನ್ನ ಅರ್ಧ ನೀರು ಬದಲಿಸಿ.

ಉಪಕರಣಗಳು: ಒಂದು ದೊಡ್ಡದೋ, ಎರಡು ಚಿಕ್ಕವೋ

ಹೀಟರ್ ಕೆಡುವುದು ಎರಡು ರೀತಿ: ಆರಿಹೋಗುವುದು, ಆರದೇ ಉಳಿಯುವುದು. ಎರಡನೆಯದು ಕೊಲ್ಲುತ್ತದೆ. 150 ಲೀಟರಿನಲ್ಲಿ 300 ವ್ಯಾಟಿನ ಹೀಟರ್ ಆರದೇ ಉಳಿದರೆ ಅರ್ಧ ಗಂಟೆಗೆ ಹತ್ತಿರಹತ್ತಿರ ಒಂದು ಡಿಗ್ರಿ ಏರುತ್ತದೆ. 26ರಿಂದ 30ಕ್ಕೆ ಎರಡು ಎರಡೂವರೆ ಗಂಟೆ ಸಾಕು, ಅದೂ ನೀವು ಮಲಗಿರುವಾಗ. 75 ವ್ಯಾಟಿನ ಎರಡು ಹೀಟರ್ ಇಟ್ಟು ಅವುಗಳಲ್ಲಿ ಒಂದು ಹಾಗೆ ಸಿಕ್ಕಿಕೊಂಡರೆ ಏರಿಕೆ ನಾಲ್ಕು ಪಟ್ಟು ನಿಧಾನ, ಅಷ್ಟರಲ್ಲಿ ಮೇಲ್ಮೈಯಿಂದ ಶಾಖವೂ ಹೊರಹೋಗುತ್ತಿರುತ್ತದೆ. ಒಂದು ಆರಿಹೋದರೆ ಇನ್ನೊಂದು ಕಾಯುತ್ತದೆ. ಸೆಖೆಯ ಕೋಣೆಯಲ್ಲಿ ಸಮಸ್ಯೆ ತಿರುಗಿ ನೀರು 28 ಮೀರಿದರೆ ಮೊದಲು ಮೇಲ್ಮೈಗೆ ಬೀಸುವ ಫ್ಯಾನು ನೋಡಿ. ಒಣ ಹವೆಯಲ್ಲಿ ಎರಡು ಮೂರು ಡಿಗ್ರಿ ಇಳಿಸುತ್ತದೆ, ಆರ್ದ್ರ ಹವೆಯಲ್ಲಿ ಅಷ್ಟಿಲ್ಲ. ಆಗ ಚಿಲ್ಲರ್ ಬೇಕು, ಅದನ್ನು ಮುಚ್ಚಿದ ಸ್ಟ್ಯಾಂಡಿನೊಳಗೆ ಇಟ್ಟರೆ ತನ್ನ ಬಿಸಿಯಲ್ಲೇ ತಾನು ಬೇಯುತ್ತದೆ.

ಅಲೆ ಪಂಪಿಗೂ ಇದೇ ನ್ಯಾಯ. ಗಂಟೆಗೆ 3000 ಲೀಟರಿನ ಒಂದಕ್ಕಿಂತ 1500ರ ಎರಡು. 25 ಡಿಗ್ರಿಯಲ್ಲಿ ಸಿಹಿನೀರು ಲೀಟರಿಗೆ ಸುಮಾರು 8.3 ಮಿ.ಗ್ರಾಂ ಆಮ್ಲಜನಕ ಹಿಡಿದರೆ ಕಡಲ ನೀರು 6.8 ಮಾತ್ರ ಹಿಡಿಯುತ್ತದೆ. ಪಂಪು ನಿಂತರೆ ಮೊದಲು ಕಾಡುವುದು ಉಸಿರು. ಕರೆಂಟು ಹೋದಾಗ ತಾನಾಗಿ ಓಡುವ ಬ್ಯಾಟರಿ ಏರ್ ಪಂಪನ್ನು ದುಬಾರಿ ದೀಪಕ್ಕಿಂತ ಮೊದಲು ಕೊಳ್ಳಿ.

ಸ್ಕಿಮ್ಮರ್ ನುಣ್ಣನೆ ಗುಳ್ಳೆಗಳಿಗೆ ಜಿಡ್ಡನ್ನು ಅಂಟಿಸಿ ನೊರೆಯಾಗಿ ಹೊರಹಾಕುತ್ತದೆ. ನಾಲ್ಕೈದು ಸಣ್ಣ ಮೀನು, ಮೆತ್ತನೆ ಹವಳ, ವಾರಕ್ಕೆ ಹತ್ತು ಪರ್ಸೆಂಟ್ ನೀರು ಬದಲಾವಣೆ ಎಂದಾದರೆ ಅದಿಲ್ಲದೆಯೂ ನಡೆಯುತ್ತದೆ. ಆಟೋ ಟಾಪ್-ಅಪ್ ಇಲ್ಲದೆ ನಡೆಸುವುದು ಕಷ್ಟ. ಅದರ ಸೆನ್ಸರ್ ಕೆಟ್ಟು ಶುದ್ಧ ನೀರಿನ ಡಬ್ಬಿ ಪೂರ್ತಿ ಟ್ಯಾಂಕಿಗೆ ಖಾಲಿಯಾದರೆ ಏನಾಗುತ್ತದೆಂದು ಲೆಕ್ಕ ಹಾಕಿ: 10 ಲೀಟರ್ ಡಬ್ಬಿಯಾದರೆ ಉಪ್ಪಿನಂಶ 35ರಿಂದ 32.8ಕ್ಕೆ ಇಳಿಯುತ್ತದೆ, ಜೀವಿಗಳು ತಡೆಯುತ್ತವೆ. 40 ಲೀಟರ್ ಡಬ್ಬಿಯಾದರೆ 27.6, ಹವಳ, ಸಿಗಡಿ ಉಳಿಯುವುದು ಅನುಮಾನ. ಆಗಾಗ ತುಂಬಿಸುವ ಬೇಸರಕ್ಕೆ ದೊಡ್ಡ ಡಬ್ಬಿ ಇಡುವವರೇ ಹೆಚ್ಚು.

ದೀಪ: ಮೀನಿಗೆ ಯಾವುದೂ ಸಾಕು. ಮೆತ್ತನೆ ಹವಳಕ್ಕೆ 50ರಿಂದ 100 ಪಾರ್ (ದ್ಯುತಿಸಂಶ್ಲೇಷಣೆಗೆ ಒದಗುವ ಬೆಳಕಿನ ಅಳತೆ), ಅಕ್ರೋಪೋರಾಕ್ಕೆ 200ರ ಮೇಲೆ. ಬೆಳಕಿನ ತೀವ್ರತೆ ಹೊಂದಿಸಬಲ್ಲ ಎಲ್‌ಇಡಿ ಕೊಂಡು 30 ಪರ್ಸೆಂಟಿನಿಂದ ಶುರುಮಾಡಿ. ಎಲ್ಲ ವೈರುಗಳೂ ಪ್ಲಗ್ಗಿಗಿಂತ ಕೆಳಗೆ ಒಮ್ಮೆ ಇಳಿದು ಮೇಲೇರುವಂತಿರಲಿ, ವೈರಿನಗುಂಟ ಹರಿದ ಹನಿ ಅಲ್ಲೇ ತೊಟ್ಟಿಕ್ಕುತ್ತದೆ.

ಮೀನು: ಯಾವುದು, ಯಾವ ಸರದಿಯಲ್ಲಿ

150 ಲೀಟರಿಗೆ ನಾಲ್ಕೈದು ಸಣ್ಣ ಮೀನು. ಮೊದಲು ಸೌಮ್ಯವಾದವು: ಫೈರ್‌ಫಿಶ್, ಹಳದಿ ವಾಚ್‌ಮನ್ ಗೋಬಿ. ಆಮೇಲೆ ಜೋಡಿ ಕ್ಲೌನ್‌ಫಿಶ್. ತನ್ನ ಸಂದಿಗಾಗಿ ಜಗಳಾಡುವ ರಾಯಲ್ ಗ್ರಾಮಾ ಕೊನೆಗೆ. ಸರದಿ ತಿರುಗಿಸಿದರೆ ಮೊದಲು ಬಂದದ್ದು ಇಡೀ ಟ್ಯಾಂಕನ್ನು ತನ್ನದೆಂದುಕೊಳ್ಳುತ್ತದೆ. ಫೈರ್‌ಫಿಶ್ ಹಾರುತ್ತದೆ, ಜಾಲರಿ ಮುಚ್ಚಳ ಬೇಕೇ ಬೇಕು. ಕ್ಲೌನ್‌ಫಿಶ್ಶಿನಲ್ಲಿ ಕಡಲಿನಿಂದ ಹಿಡಿದದ್ದಕ್ಕಿಂತ ಸಾಕಿ ಬೆಳೆಸಿದ್ದು ಮೇಲು: ಬಂದ ದಿನವೇ ಪೆಲೆಟ್ ತಿನ್ನುತ್ತದೆ, ರೋಗ ಕಡಿಮೆ. ಅದಕ್ಕೆ ಅನಿಮೋನ್ ಬೇಕೇ ಬೇಕೆಂದೇನಿಲ್ಲ. ಹೊಸ ಟ್ಯಾಂಕಿಗೆ ಬಿಟ್ಟ ಅನಿಮೋನ್ ಜಾಗ ಹುಡುಕುತ್ತ ನಡೆದು ಪಂಪಿಗೆ ಸಿಕ್ಕಿ ಚಿಂದಿಯಾದರೆ ಒಂದೇ ರಾತ್ರಿಗೆ ಎಲ್ಲವನ್ನೂ ಕೊಲ್ಲಬಲ್ಲದು.

ನೀಲಿ ಟ್ಯಾಂಗ್ ಮರಿಯಾಗಿದ್ದಾಗ ಅಂಗೈಯಲ್ಲಿ ಹಿಡಿಸುತ್ತದೆ, ಬೆಳೆದರೆ 30 ಸೆಂ.ಮೀ. ಮ್ಯಾಂಡರಿನ್ ದಿನವಿಡೀ ಕೋಪಿಪಾಡ್ ಎಂಬ ಸಣ್ಣ ಜಲಜೀವಿಗಳನ್ನು ಹೆಕ್ಕಿ ತಿನ್ನುವ ಮೀನು, ಹೊಸ ಟ್ಯಾಂಕಿನಲ್ಲಿ ಕಣ್ಣೆದುರೇ ಸೊರಗುತ್ತದೆ. ಸಣ್ಣ ಮೀನುಗಳ ಜತೆ ಲಯನ್‌ಫಿಶ್ ಬಿಡುವುದು ಕುರಿ ಕಾಯಲು ತೋಳ ನೇಮಿಸಿದಂತೆ.

ಕ್ವಾರಂಟೈನ್ ಬೇಕೋ ಬೇಡವೋ ಅನ್ನುವ ಚರ್ಚೆಯಲ್ಲಿ ನಾವು ಬೇಕು ಅನ್ನುವ ಪಕ್ಷ. ಬಿಳಿಚುಕ್ಕೆ ರೋಗದ ಪರಾವಲಂಬಿ ಮೀನಿನಿಂದ ಉದುರಿ ಕಲ್ಲು, ಮರಳಿನ ಮೇಲೆ ಕೋಶ ಕಟ್ಟಿ ವಾರಗಟ್ಟಲೆ ಕೂರುತ್ತದೆ. ಅದಕ್ಕೆ ಔಷಧಿ ತಾಮ್ರ. ಆದರೆ ಮುಖ್ಯ ಟ್ಯಾಂಕಿಗೆ ತಾಮ್ರ ಹಾಕಿದರೆ ಕಲ್ಲು ಹೀರಿಕೊಳ್ಳುತ್ತದೆ, ಸಿಗಡಿ, ಬಸವನಹುಳು, ಹವಳ ಸಾಯುತ್ತವೆ. ಉಳಿಯುವ ದಾರಿ ಎಲ್ಲ ಮೀನನ್ನೂ ಹಿಡಿದು ಹೊರಹಾಕಿ ಟ್ಯಾಂಕನ್ನು 76 ದಿನ ಮೀನಿಲ್ಲದೆ ಖಾಲಿ ಬಿಡುವುದು. ಆ ಪಾಡಿಗಿಂತ ಸ್ಪಾಂಜ್ ಫಿಲ್ಟರ್, ಹೀಟರ್, ಅಡಗಲು ಎರಡು ಪಿವಿಸಿ ಎಲ್ಬೋ ಇರುವ 40 ಲೀಟರಿನ ಬರಿದಾದ ತೊಟ್ಟಿಯಲ್ಲಿ ಪ್ರತಿ ಹೊಸ ಮೀನನ್ನು ನಾಲ್ಕರಿಂದ ಆರು ವಾರ ಇಡುವುದು ಎಷ್ಟೋ ಹಗುರ.

ಮೀನನ್ನು ಹೊಂದಿಸುವಾಗಲೂ ಎರಡು ಪಂಗಡ: ಹನಿಹನಿಯಾಗಿ ಗಂಟೆಗಟ್ಟಲೆ ನೀರು ಬೆರೆಸುವವರು, ಚೀಲ ತೇಲಿಸಿ ಬೇಗ ಬಿಡುವವರು. ಹತ್ತು ನಿಮಿಷದ ದಾರಿಯಿಂದ ಬಂದ ಮೀನಿಗೆ ಹನಿ ವಿಧಾನ ಸರಿ. ಇಡೀ ದಿನ ಚೀಲದಲ್ಲಿದ್ದ ಮೀನಿಗೆ ಅದೇ ಮುಳುವು: ಚೀಲದಲ್ಲಿ ಇಂಗಾಲದ ಡೈ ಆಕ್ಸೈಡ್ ತುಂಬಿ ಪಿಎಚ್ ಇಳಿದಿರುವುದರಿಂದ ಅಮೋನಿಯಾ ನಿರುಪದ್ರವಿ ರೂಪದಲ್ಲಿರುತ್ತದೆ. ಬಾಯಿ ಬಿಚ್ಚಿದೊಡನೆ ಅನಿಲ ಹೊರಹೋಗಿ ಪಿಎಚ್ ಏರುತ್ತದೆ, ಅದೇ ಅಮೋನಿಯಾ ವಿಷವಾಗುತ್ತದೆ. ಮಾರುವವರ ಉಪ್ಪಿನಂಶವನ್ನು ಮೊದಲೇ ಕೇಳಿ ಕ್ವಾರಂಟೈನ್ ನೀರನ್ನು ಅಷ್ಟಕ್ಕೇ ಇಟ್ಟು, ಮುಚ್ಚಿದ ಚೀಲವನ್ನು ಇಪ್ಪತ್ತು ನಿಮಿಷ ತೇಲಿಸಿ, ಮೀನನ್ನು ಮಾತ್ರ ಎತ್ತಿ ಬಿಡಿ. ಚೀಲದ ನೀರು ಚರಂಡಿಗೆ. ಆಮೇಲೆ ದಿನಕ್ಕೆ 1ರಿಂದ 2 ಪಿಪಿಟಿಯಂತೆ ಏರಿಸಿದರಾಯಿತು.

ಹವಳ ಬಿಡುವ ಹೊತ್ತು

ಮೊದಲ ಮೂರು ತಿಂಗಳಲ್ಲಿ ಮರಳು ಕಂದಾಗುತ್ತದೆ, ಕಲ್ಲಿಗೆ ಹಸಿರು ಗಡ್ಡ ಬರುತ್ತದೆ. ಆಗ ಗಾಬರಿಯಿಂದ ಫಾಸ್ಫೇಟನ್ನೂ ನೈಟ್ರೇಟನ್ನೂ ಸೊನ್ನೆಗಿಳಿಸಲು ಹೊರಡಬೇಡಿ. ಎರಡೂ ಸೊನ್ನೆಯಾದ ನೀರಿನಲ್ಲಿ ಇದಕ್ಕಿಂತ ಹಟಮಾರಿಯಾದ ಡೈನೋಫ್ಲಾಜೆಲ್ಲೇಟ್ ಲೋಳೆ ಹಬ್ಬುತ್ತದೆ. ನೈಟ್ರೇಟ್ 5ರಿಂದ 10, ಫಾಸ್ಫೇಟ್ 0.03ರಿಂದ 0.1 ಪಿಪಿಎಂ ಇರಲಿ. ಪಾಚಿ ತಿನ್ನುವ ಐದಾರು ಟ್ರೋಕಸ್ ಬಸವನಹುಳು ಬಿಟ್ಟು, ಗಡ್ಡವನ್ನು ಕೈಯಲ್ಲೇ ಕಿತ್ತು, ಕಾಯಿರಿ.

ನೇರಳೆ ಸುಣ್ಣಪಾಚಿಯ ಚುಕ್ಕೆಗಳು ಗಾಜಿನ ಮೇಲೆ ಕಂಡಾಗ ಮಶ್ರೂಮ್ ಮತ್ತು ಲೆದರ್ ಹವಳದಿಂದ ಶುರುಮಾಡಿ. ಗ್ರೀನ್ ಸ್ಟಾರ್ ಪಾಲಿಪ್, ಜೀನಿಯಾ ಎಂಬ ಮೆತ್ತನೆ ಹವಳಗಳೆರಡೂ ಹುಲ್ಲಿನಂತೆ ಹಬ್ಬುವುದರಿಂದ ಮುಖ್ಯ ಕಲ್ಲಿಗೆ ಅಂಟಿಸದೆ ಮರಳಿನ ನಡುವೆ ಒಂಟಿ ಕಲ್ಲಿನ ಮೇಲಿಡಿ. ಜೊವಾಂತಿಡ್ ಮುಟ್ಟುವಾಗ ಗ್ಲೌಸು, ಕತ್ತರಿಸುವಾಗ ಕನ್ನಡಕ.

ಹವಳ ಬಂದೊಡನೆ ಲವಣದ ದ್ರಾವಣವನ್ನು ಅಳೆದು ತಾನೇ ಹನಿಸುವ ಡೋಸಿಂಗ್ ಪಂಪು ಕೊಳ್ಳಬೇಕೆಂದು ಸಲಹೆ ಬರುತ್ತದೆ. ಮೊದಲು ಅಳೆದು ನೋಡಿ. ನೀರು ಬದಲಿಸಿದ ಮರುದಿನ ಆಲ್ಕಲಿನಿಟಿ ಬರೆದಿಡಿ, ಮೂರು ದಿನ ಬಿಟ್ಟು ಅದೇ ಹೊತ್ತಿಗೆ ಮತ್ತೆ ಅಳೆಯಿರಿ. 8.5 ಇದ್ದದ್ದು 8.3 ಆಗಿದ್ದರೆ ವಾರದ ನೀರು ಬದಲಾವಣೆಯೇ ಸಾಕು. 7.6ಕ್ಕೆ ಇಳಿದಿದ್ದರೆ ದಿನಕ್ಕೆ 0.3 ಡಿಕೆಎಚ್ ಖರ್ಚಾಗುತ್ತಿದೆ. 150 ಲೀಟರಿನಲ್ಲಿ 1 ಡಿಕೆಎಚ್ ಏರಿಸಲು ಸುಮಾರು 4.5 ಗ್ರಾಂ ಅಡುಗೆ ಸೋಡಾ ಬೇಕು, ಅಂದರೆ ದಿನಕ್ಕೆ 1.3 ಗ್ರಾಂನಷ್ಟು ಸೋಡಾವನ್ನು ಒಂದು ಲೋಟ ಆರ್‌ಓ ನೀರಿನಲ್ಲಿ ಕರಗಿಸಿ ಪಂಪಿನ ಎದುರು ನಿಧಾನವಾಗಿ ಸುರಿದರೆ ಆಯಿತು. ಸೋಡಾ ಅಂದರೆ ಸೋಡಾವೇ, ಬೇಕಿಂಗ್ ಪೌಡರ್ ಅಲ್ಲ. ಈ ಖರ್ಚು ದಿನಕ್ಕೆ ಅರ್ಧ ಡಿಕೆಎಚ್ ದಾಟುವವರೆಗೆ ಡೋಸಿಂಗ್ ಪಂಪು ಅಂಗಡಿಯಲ್ಲೇ ಇರಲಿ.